ಎಸ್ಸಿಯೆನ್ ಮಂಡಿ: ಏಳು ಅಂಕಿಗಳ ಒಂದು ಪ್ರಕರಣ

31, 33, 27, 11, 14, 33, 14.

ಘಾನಾದ ಮಿಡ್‌ಫೀಲ್ಡರ್ ಮೈಕೆಲ್ ಎಸ್ಸಿಯೆನ್ 2005–06ರಿಂದ 2011–12ರವರೆಗಿನ ಏಳು ಋತುಗಳಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಚೆಲ್ಸಿ ಪರ ಆಡಿದ ಪ್ರೀಮಿಯರ್ ಲೀಗ್ ಪಂದ್ಯಗಳ ಲೆಕ್ಕ ಇದು. ಒಂದು ಋತುವಿಗೆ 38 ಪಂದ್ಯ. ಮೊದಲ ಮೂರು ವರ್ಷ 114ರಲ್ಲಿ 91 ಆಡಿದವರು ಮುಂದಿನ ಎರಡು ವರ್ಷ 76ರಲ್ಲಿ ಆಡಿದ್ದು ಬರೀ 25. ಆಮೇಲೆ ಒಮ್ಮೆ 33ಕ್ಕೆ ಏರಿ, ಮರುವರ್ಷವೇ 14ಕ್ಕೆ ಇಳಿದರು.

ಈ ಇಳಿತಕ್ಕೆ ಕಾರಣ ಕೇಳಿದರೆ ಹೆಚ್ಚಿನವರು 2008ರ ಸೆಪ್ಟೆಂಬರ್ ಕಡೆ ಬೆರಳು ತೋರಿಸುತ್ತಾರೆ. ಮಂಡಿಯ ಲಿಗಮೆಂಟ್ ಹರಿಯಿತು, ಅಲ್ಲಿಗೆ ಆಟ ಮುಗಿಯಿತು ಎಂಬುದು ರೂಢಿಯ ಮಾತು. ತಾರೀಖುಗಳನ್ನು ಸಾಲಾಗಿ ಇಟ್ಟು ನೋಡಿದರೆ ಹಾಗೆ ಕಾಣುವುದಿಲ್ಲ. ಆ ಗಾಯದಿಂದ ಅವರು ಎದ್ದು ಬಂದಿದ್ದರು, ಚೆನ್ನಾಗಿಯೇ ಬಂದಿದ್ದರು. ಹಳಿ ತಪ್ಪಿದ್ದು 2009ರ ಡಿಸೆಂಬರ್ 8ಕ್ಕೂ 2010ರ ಜನವರಿ 15ಕ್ಕೂ ನಡುವಿನ 38 ದಿನಗಳಲ್ಲಿ, ಯಾರೂ ದೊಡ್ಡದೆಂದು ಎಣಿಸದ ತೊಡೆಯ ಸ್ನಾಯುವಿನ ಗಾಯವೊಂದರ ಬೆನ್ನಿಗೆ. ಹಾಗೆಯೇ, ಆರನೆಯ ಸ್ಥಾನದಲ್ಲಿರುವ 33 ಎಂಬ ಅಂಕಿ ಗುಣವಾದದ್ದರ ಗುರುತೂ ಅಲ್ಲ. ಈ ಎರಡು ಮಾತುಗಳನ್ನು ಕೆಳಗೆ ಬಿಡಿಸಿಡಲಾಗಿದೆ. ಪಂದ್ಯ, ತಾರೀಖುಗಳು ದಾಖಲಾದವು. ಒಂದು ಗಾಯಕ್ಕೂ ಇನ್ನೊಂದಕ್ಕೂ ಹಾಕಿದ ಕೊಂಡಿ ಮಂಡಿಯ ರಚನೆಯ ಮೇಲೆ ನಿಂತ ತರ್ಕ.

ಗಾಯಕ್ಕೆ ಮೊದಲು

ಎಸ್ಸಿಯೆನ್ ಹುಟ್ಟಿದ್ದು 1982ರ ಡಿಸೆಂಬರ್ 3ರಂದು, ಅಕ್ರಾದಲ್ಲಿ. ಆಟ ಕಲಿತದ್ದು ಅದೇ ಊರಿನ ಲಿಬರ್ಟಿ ಪ್ರೊಫೆಷನಲ್ಸ್ ಕ್ಲಬ್‌ನಲ್ಲಿ. 1999ರಲ್ಲಿ ನ್ಯೂಜಿಲೆಂಡ್‌ನಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಘಾನಾ ಮೂರನೆಯ ಸ್ಥಾನ ಪಡೆದಾಗ ಯುರೋಪಿನ ಕ್ಲಬ್‌ಗಳ ಕಣ್ಣು ಇವರ ಮೇಲೆ ಬಿತ್ತು. ಮ್ಯಾಂಚೆಸ್ಟರ್ ಯುನೈಟೆಡ್ ಕರೆಸಿ ಪರೀಕ್ಷಿಸಿತು, ಆದರೆ ಇಂಗ್ಲೆಂಡಿನ ಕೆಲಸದ ಪರವಾನಗಿ ಅಡ್ಡ ಬಂತು. ಆಗಿನ ನಿಯಮದಂತೆ ಆಟಗಾರನ ದೇಶ ಫಿಫಾ ಪಟ್ಟಿಯ ಮೊದಲ 70ರೊಳಗಿರಬೇಕು, ಹಿಂದಿನ ಎರಡು ವರ್ಷ ಆ ದೇಶ ಆಡಿದ ಪಂದ್ಯಗಳಲ್ಲಿ ಶೇ 75ರಲ್ಲಿ ಆತ ಆಡಿರಬೇಕು. ಹದಿನೇಳರ ಹುಡುಗನಿಗೆ ಇದು ಆಗದ ಮಾತು. ಹಾಗಾಗಿ 2000ದಲ್ಲಿ ಅವರು ಸೇರಿದ್ದು ಫ್ರಾನ್ಸಿನ ಕಾರ್ಸಿಕಾ ದ್ವೀಪದ ಬಾಸ್ತಿಯಾ ತಂಡವನ್ನು. ಅಲ್ಲಿ ಮೊದಮೊದಲು ರಕ್ಷಣಾ ಸಾಲಿನಲ್ಲೂ ಆಡಿ, ಆಮೇಲೆ ಮೈದಾನದ ನಡುವಿಗೆ ಬಂದರು.

2003ರಲ್ಲಿ ಲಿಯೋನ್. ಜುನಿನ್ಯೊ, ಮಹಮದು ದಿಯಾರಾ ಜೊತೆಗೆ ಎರಡು ವರ್ಷ, ಎರಡು ಲೀಗ್ ಪ್ರಶಸ್ತಿ. 2005ರ ಮಾರ್ಚ್‌ನಲ್ಲಿ ವೆರ್ಡರ್ ಬ್ರೆಮೆನ್ ತಂಡವನ್ನು ಲಿಯೋನ್ 7–2ರಿಂದ ಬಗ್ಗುಬಡಿದ ಚಾಂಪಿಯನ್ಸ್ ಲೀಗ್ ಪಂದ್ಯದಲ್ಲಿ ಎರಡು ಗೋಲು ಇವರವು. ಆ ಋತುವಿನ ಫ್ರೆಂಚ್ ಲೀಗ್‌ನ ಶ್ರೇಷ್ಠ ಆಟಗಾರನೂ ಇವರೇ. ಬೇಸಿಗೆಯುದ್ದಕ್ಕೂ ಚೌಕಾಸಿ ನಡೆದು, ಆಗಸ್ಟ್‌ನಲ್ಲಿ ಚೆಲ್ಸಿ 24.4 ಮಿಲಿಯನ್ ಪೌಂಡ್ ಕೊಟ್ಟು ಒಯ್ದಿತು. ಆ ಕ್ಲಬ್ ಅದುವರೆಗೆ ಒಬ್ಬ ಆಟಗಾರನಿಗೆ ಕೊಟ್ಟ ಅತಿ ದೊಡ್ಡ ಮೊತ್ತ ಅದು.

ಅಷ್ಟು ಹಣಕ್ಕೆ ಚೆಲ್ಸಿ ಕೊಂಡದ್ದು ಏನನ್ನು? ಕೋಚ್ ಮೌರಿನ್ಯೊ ಅವರ 4-3-3ರಲ್ಲಿ ಮಧ್ಯದ ಮೂವರಲ್ಲಿ ಮಕೆಲೆಲೆ ಹಿಂದೆ ನಿಲ್ಲುತ್ತಿದ್ದರು, ಲ್ಯಾಂಪಾರ್ಡ್ ಮುಂದೆ ನುಗ್ಗುತ್ತಿದ್ದರು. ಮೂರನೆಯವನು ಎರಡನ್ನೂ ಮಾಡಬೇಕು. ಎದುರಾಳಿಯ ಪೆನಾಲ್ಟಿ ಪೆಟ್ಟಿಗೆಯಂಚಿನಲ್ಲಿ ಚೆಂಡು ಕಳೆದುಕೊಂಡ ಕ್ಷಣವೇ ತಿರುಗಿ, ಐವತ್ತು ಮೀಟರ್ ಹಿಂದಕ್ಕೋಡಿ, ಓಟಗಾರನ ಪಕ್ಕಕ್ಕೆ ಬಂದು, ಅಲ್ಲಿ ಬ್ರೇಕ್ ಹಾಕಿ, ಕಾಲು ಚಾಚಬೇಕು. ಚೆಂಡು ಸಿಕ್ಕರೆ ಮತ್ತೆ ಮುಂದಕ್ಕೆ. ಹಿಂದಕ್ಕೆ ಬರುವ ಈ ಎರಡನೆಯ ಓಟವೇ ಎಸ್ಸಿಯೆನ್ ಆಟದ ಜೀವಾಳ. 'ಬೈಸನ್' ಎಂಬ ಅಡ್ಡಹೆಸರು ಬಂದದ್ದು ಮೈಕಟ್ಟಿನಿಂದ ಇರಬಹುದು, ಆದರೆ ಕಾಡುಕೋಣಕ್ಕೆ ಇಲ್ಲದ ಒಂದು ಗುಣ ಇವರಿಗಿತ್ತು: ಪೂರ್ತಿ ವೇಗದಿಂದ ಎರಡೇ ಹೆಜ್ಜೆಯಲ್ಲಿ ನಿಂತು ಬೇರೆ ದಿಕ್ಕಿಗೆ ತಿರುಗುವುದು. ಮಂಡಿಗೆ ದುಬಾರಿಯಾಗುವುದೂ ಅದೇ.

ಇನ್ನೊಂದು ಗುಣ ವರವೋ ಶಾಪವೋ ಹೇಳುವುದು ಕಷ್ಟ. ಎಲ್ಲಿ ತೂತು ಬಿದ್ದರೂ ತುಂಬುವ ಆಳು ಇವರು. 2007ರ ಎಫ್‌ಎ ಕಪ್ ಫೈನಲ್‌ನಲ್ಲಿ ಟೆರ್ರಿ ಪಕ್ಕ ಸೆಂಟರ್ ಬ್ಯಾಕ್ ಆಗಿ ಆಡಿದರು. ಚೆಲ್ಸಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ 1–0ಯಿಂದ ಗೆದ್ದಿತು. ಮರುವರ್ಷ ಮಾಸ್ಕೋದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ರೈಟ್ ಬ್ಯಾಕ್. ಮೊದಲ ಗೋಲಿಗೆ ರೊನಾಲ್ಡೊ ಜಿಗಿದು ತಲೆ ಕೊಟ್ಟದ್ದು ಇವರ ಮೇಲೆಯೇ, ವಿರಾಮಕ್ಕೆ ಮುಂಚೆ ಲ್ಯಾಂಪಾರ್ಡ್ ಸಮ ಮಾಡಿದ್ದು ಇವರ ಹೊಡೆತ ತಾಗಿ ಬಂದ ಚೆಂಡಿನಿಂದ. 2006–07ರಲ್ಲಿ ಚೆಲ್ಸಿಯ ವರ್ಷದ ಆಟಗಾರ ಎನಿಸಿಕೊಂಡವರನ್ನು ಎರಡು ದೊಡ್ಡ ಫೈನಲ್‌ಗಳಲ್ಲಿ ಅವರ ಜಾಗದಲ್ಲಿ ಆಡಿಸಲೇ ಇಲ್ಲ.

2008ರ ಸೆಪ್ಟೆಂಬರ್ 5

ವಿಶ್ವಕಪ್ ಅರ್ಹತಾ ಪಂದ್ಯ, ಲಿಬಿಯಾದ ಟ್ರಿಪೊಲಿ. ಘಾನಾ 1–0ಯಿಂದ ಸೋತಿತು, ಎಸ್ಸಿಯೆನ್ ಅವರ ಮಂಡಿಯ ಎಸಿಎಲ್ ಹರಿಯಿತು.

ಎಸಿಎಲ್ ಎಂದರೆ ತೊಡೆಮೂಳೆಯನ್ನೂ ಮೊಣಕಾಲ ಮೂಳೆಯನ್ನೂ (ಮಂಡಿಯಿಂದ ಕೆಳಗಿನ ದೊಡ್ಡ ಮೂಳೆ) ಮಂಡಿಯ ಒಳಗೆ ಓರೆಯಾಗಿ ಕಟ್ಟಿಹಿಡಿದಿರುವ ಲಿಗಮೆಂಟ್. ಉದ್ದ ಸುಮಾರು 3 ಸೆಂಟಿಮೀಟರ್, ಅಗಲ ಒಂದು. ಅದಕ್ಕೆ ಎರಡು ಕೆಲಸ: ಮೊಣಕಾಲ ಮೂಳೆ ಮುಂದಕ್ಕೆ ಜಾರದಂತೆ ತಡೆಯುವುದು, ಮತ್ತು ಅದು ತಿರುಚಿಕೊಳ್ಳದಂತೆ ಹಿಡಿಯುವುದು. ಯುವಕರಲ್ಲಿ ಇದು ತಾಳುವ ಬಲ ಸುಮಾರು 2,000 ನ್ಯೂಟನ್, ಅಂದರೆ ಎರಡು ಕ್ವಿಂಟಲ್ ತೂಗುವಷ್ಟು. ಹರಿಯಲು ಯಾರೂ ಒದೆಯಬೇಕಾಗಿಲ್ಲ. ಓಟದಿಂದ ಬ್ರೇಕ್ ಹಾಕುವಾಗ ಪಾದ ನೆಲಕ್ಕೆ ಕಚ್ಚಿಕೊಂಡು, ಮಂಡಿ ಹೆಚ್ಚು ಮಡಚದೆ ಒಳಗಡೆಗೆ ವಾಲಿ, ಮೈ ಇನ್ನೊಂದು ದಿಕ್ಕಿಗೆ ತಿರುಗಿದರೆ ಸಾಕು. ಪಾದ ನೆಲ ಮುಟ್ಟಿದ ಮೇಲೆ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದೊಳಗೆ ಕೆಲಸ ಮುಗಿದಿರುತ್ತದೆ. ಸ್ನಾಯು ಎಚ್ಚೆತ್ತು ಬಿಗಿಯುವುದಕ್ಕೆ ಅಷ್ಟು ಹೊತ್ತು ಸಾಲದು. ನಮ್ಮ ಕಬಡ್ಡಿ ಅಂಕಣದಲ್ಲಿ ರೈಡರ್‌ಗಳ ಮಂಡಿ ಹೋಗುವುದೂ ಹಲವು ಬಾರಿ ಹೀಗೆಯೇ.

ಹರಿದ ಎಸಿಎಲ್ ತುದಿಗೆ ತುದಿ ಸೇರಿ ತಾನಾಗಿ ಕೂಡಿಕೊಳ್ಳುವುದು ಅಪರೂಪ. ಈ ಮಟ್ಟದ ಆಟಕ್ಕೆ ಮರಳಬೇಕಾದರೆ ಹೊಸತೊಂದನ್ನು ಕಟ್ಟಬೇಕು. ಶಸ್ತ್ರಚಿಕಿತ್ಸಕರು ಸಣ್ಣ ತೂತುಗಳ ಮೂಲಕ ಕ್ಯಾಮೆರಾ ಇಳಿಸಿ ಮೊದಲು ಮೆನಿಸ್ಕಸ್, ಅಂದರೆ ಮೂಳೆಗಳ ನಡುವಿನ ಮೆತ್ತೆ, ನೋಡುತ್ತಾರೆ. ಆಮೇಲೆ ಆಟಗಾರನ ಮೈಯಿಂದಲೇ ಒಂದು ಪಟ್ಟಿ ತೆಗೆಯುತ್ತಾರೆ. ಅದು ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನ ನಡುಭಾಗವಿರಬಹುದು, ಎರಡೂ ತುದಿಗೆ ಒಂದೊಂದು ಮೂಳೆಚೂರು ಸಮೇತ. ಇಲ್ಲವೇ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ರಜ್ಜು, ಮಡಚಿ ನಾಲ್ಕೆಳೆ ಮಾಡಿ. ಮೊದಲನೆಯದು ಮೂಳೆಗೆ ಮೂಳೆ ಅಂಟುವುದರಿಂದ ಬೇಗ ಕೂರುತ್ತದೆ, ಆದರೆ ಮಂಡಿಯ ಮುಂಭಾಗದ ನೋವು ಬಹಳ ದಿನ ಉಳಿಯುತ್ತದೆ. ಎರಡನೆಯದರಲ್ಲಿ ನೋವು ಕಡಿಮೆ, ಆದರೆ ಓಟಕ್ಕೆ ಬೇಕಾದ ಸ್ನಾಯುವಿನಿಂದಲೇ ಸಾಲ ತೆಗೆದ ಹಾಗಾಗುತ್ತದೆ. ಮುಂದೆ ಎರಡೂ ಮೂಳೆಗಳಲ್ಲಿ 8ರಿಂದ 10 ಮಿಲಿಮೀಟರ್ ಅಗಲದ ಸುರಂಗ ಕೊರೆದು, ಪಟ್ಟಿಯನ್ನು ಎಳೆದು, ಸ್ಕ್ರೂ ಅಥವಾ ಗುಂಡಿಯಿಂದ ಬಿಗಿಯುತ್ತಾರೆ. ಆ ಕಾಲದಲ್ಲಿ ಪದೇ ಪದೇ ಆಗುತ್ತಿದ್ದ ತಪ್ಪು ಇಲ್ಲಿತ್ತು. ತೊಡೆಮೂಳೆಯ ಸುರಂಗ ತೀರಾ ನೆಟ್ಟಗೆ ಬಿದ್ದರೆ ಮೂಳೆ ಮುಂದಕ್ಕೆ ಜಾರುವುದು ನಿಲ್ಲುತ್ತದೆ, ತಿರುಚುವುದು ನಿಲ್ಲುವುದಿಲ್ಲ. ನೇರ ಓಡುವವನಿಗೆ ಗೊತ್ತೇ ಆಗದು. ತಿರುಗುವುದೇ ಕಸುಬಾದ ಮಿಡ್‌ಫೀಲ್ಡರ್‌ಗೆ ಮೊದಲ ವಾರವೇ ಗೊತ್ತಾಗುತ್ತದೆ.

ಶಸ್ತ್ರಚಿಕಿತ್ಸೆ ಒಂದೆರಡು ಗಂಟೆಯ ಕೆಲಸ. ಕಷ್ಟವಿರುವುದು ಆಮೇಲೆ. ಮೊದಲೆರಡು ವಾರದ ಗುರಿ ಬಾವು ಇಳಿಸುವುದು ಮತ್ತು ಕಾಲು ಪೂರ್ತಿ ನೇರವಾಗುವಂತೆ ನೋಡಿಕೊಳ್ಳುವುದು. ಮಡಚುವುದು ತಡವಾದರೂ ಬರುತ್ತದೆ. ನೇರವಾಗುವುದು ಐದು ಡಿಗ್ರಿ ಕಡಿಮೆಯಾಗಿ ಉಳಿದರೆ ಮುಂದೆ ಪ್ರತಿ ಹೆಜ್ಜೆಯೂ ಕುಂಟು. ಬಾವಿರುವ ಮಂಡಿಗೆ ಮೆದುಳು ತೊಡೆಯ ಮುಂಭಾಗದ ಸ್ನಾಯುವನ್ನು ಪೂರ್ತಿ ಬಿಗಿಯಲು ಬಿಡುವುದಿಲ್ಲ, ಹಾಗಾಗಿ ಆ ಸ್ನಾಯು ವಾರಗಳಲ್ಲೇ ಕಣ್ಣಿಗೆ ಕಾಣುವಷ್ಟು ಸೊರಗುತ್ತದೆ. ಆರನೆಯ ವಾರದ ಹೊತ್ತಿಗೆ ಸೈಕಲ್, ಮೂರು ತಿಂಗಳಿಗೆ ನೇರ ಓಟ, ನಾಲ್ಕೈದು ತಿಂಗಳಿಗೆ ದಿಕ್ಕು ಬದಲಿಸುವ ಅಭ್ಯಾಸ.

ಈ ಪಂಚಾಂಗದಲ್ಲಿ ಒಂದು ಬೋನು ಇದೆ. ಕೂರಿಸಿದ ಪಟ್ಟಿ ಮೊದಲು ಸಾಯುತ್ತದೆ, ಆಮೇಲೆ ಹೊಸ ರಕ್ತನಾಳಗಳು ಒಳಹೊಕ್ಕು ನಿಧಾನವಾಗಿ ಲಿಗಮೆಂಟ್ ಆಗಿ ಮಾರ್ಪಡುತ್ತದೆ. ಆರರಿಂದ ಹನ್ನೆರಡು ವಾರದ ನಡುವೆ ಅದು ಅತ್ಯಂತ ದುರ್ಬಲ. ಸರಿಯಾಗಿ ಅದೇ ಹೊತ್ತಿಗೆ ನೋವು ಹೋಗಿ, ಬಾವು ಇಳಿದು, ಆಟಗಾರನಿಗೆ ಕಾಲು ತನ್ನದಾಯಿತು ಅನಿಸುತ್ತದೆ. ಫಿಸಿಯೋಗಳು ಆಟಗಾರನೊಂದಿಗೆ ಅತಿ ಹೆಚ್ಚು ಜಗಳವಾಡುವುದು ಈ ಆರು ವಾರಗಳಲ್ಲಿ.

ಮರಳುವುದು ಯಾವಾಗ ಎಂಬುದಕ್ಕೆ 2008ರಲ್ಲಿ ವೃತ್ತಿಪರ ಫುಟ್‌ಬಾಲಿನ ರೂಢಿಯ ಉತ್ತರ ಆರು ತಿಂಗಳು. ಇಂದು ಒಂಬತ್ತು ಎನ್ನುತ್ತಾರೆ. ಒಂಬತ್ತು ತಿಂಗಳವರೆಗೆ ಪ್ರತಿ ತಿಂಗಳು ತಡ ಮಾಡಿದಷ್ಟೂ ಮತ್ತೆ ಗಾಯವಾಗುವ ಪ್ರಮಾಣ ಅರ್ಧದಷ್ಟು ಇಳಿಯುವುದನ್ನು 2016ರ ನಾರ್ವೆ–ಅಮೆರಿಕ ಅಧ್ಯಯನ ತೋರಿಸಿತು. ದಿನ ಎಣಿಸಿದರೆ ಸಾಲದು, ಬಲವನ್ನೂ ಅಳೆಯಬೇಕು: ತೊಡೆಯ ಮುಂಭಾಗದ ಶಕ್ತಿ ಇನ್ನೊಂದು ಕಾಲಿನ ಶೇ 90 ಇರಬೇಕು, ಒಂಟಿಕಾಲಿನ ನಾಲ್ಕು ಬಗೆಯ ಕುಪ್ಪಳಿಕೆಯಲ್ಲೂ ಶೇ 90. ಇಲ್ಲೂ ಒಂದು ಮೋಸವಿದೆ. ಆರು ತಿಂಗಳು ಆಟವಿಲ್ಲದೆ ಕೂತವನ 'ಒಳ್ಳೆಯ' ಕಾಲೂ ಸೊರಗಿರುತ್ತದೆ. ಸೊರಗಿದ್ದರ ಶೇ 90 ಬಂದರೆ ಅದು ಪಾಸಾದಂತಲ್ಲ. ಋತುವಿನ ಆರಂಭದಲ್ಲೇ ಎರಡೂ ಕಾಲಿನ ಅಳತೆ ಬರೆದಿಟ್ಟುಕೊಂಡಿರುವ ಕ್ಲಬ್‌ಗೆ ಮಾತ್ರ ನಿಜ ಗೊತ್ತಿರುತ್ತದೆ.

ಎಸ್ಸಿಯೆನ್ 2009ರ ಮಾರ್ಚ್ 10ರಂದು ಟ್ಯೂರಿನ್‌ನಲ್ಲಿ ಯುವೆಂಟಸ್ ವಿರುದ್ಧ ಮೊದಲ ಹನ್ನೊಂದರಲ್ಲಿದ್ದರು. ಗಾಯವಾದ 186ನೆಯ ದಿನ. ಮೊದಲಾರ್ಧ ಮುಗಿಯುವ ಹೊತ್ತಿಗೆ ಗೋಲು ಹೊಡೆದರು, ಪಂದ್ಯ 2–2. ಮೇ 6ರಂದು ಬಾರ್ಸಿಲೋನಾ ವಿರುದ್ಧದ ಸೆಮಿಫೈನಲ್‌ನ 9ನೆಯ ನಿಮಿಷದಲ್ಲಿ ದೂರದಿಂದ, ಚೆಂಡು ಗಾಳಿಯಲ್ಲಿರುವಾಗಲೇ, ಎಡಗಾಲಿನಲ್ಲಿ ಹೊಡೆದು ಅಡ್ಡಪಟ್ಟಿಯ ಅಡಿಗೆ ತಾಗಿಸಿ ಒಳಗೆ ಹಾಕಿದರು. ಅದೇ ಪಂದ್ಯದ 93ನೆಯ ನಿಮಿಷದಲ್ಲಿ ಅವರು ಸರಿಯಾಗಿ ಹೊರಹಾಕದೆ ಬಿಟ್ಟ ಚೆಂಡು ಮೆಸ್ಸಿ ಮೂಲಕ ಇನಿಯೆಸ್ತಾ ಕಾಲಿಗೆ ಹೋಗಿ ಚೆಲ್ಸಿ ಹೊರಬಿತ್ತು. ಆ ತಪ್ಪನ್ನು ಮಂಡಿಯ ಲೆಕ್ಕಕ್ಕೆ ಹಾಕುವವರಿದ್ದಾರೆ, ನಾವು ಹಾಕುವುದಿಲ್ಲ. ಅಂಥ ತಪ್ಪು ಯಾರಿಗೂ ಆಗುತ್ತದೆ, ಯಾವ ಕಾಲಿನಲ್ಲೂ ಆಗುತ್ತದೆ. ಗಮನಿಸಬೇಕಾದ್ದು ಬೇರೆ: ಎಂಟು ತಿಂಗಳ ಹಿಂದೆ ಎಸಿಎಲ್ ಹರಿದಿದ್ದವರು ಬಾರ್ಸಿಲೋನಾದ ಮಧ್ಯಸಾಲಿನ ಎದುರು 93ನೆಯ ನಿಮಿಷದಲ್ಲೂ ತಮ್ಮ ಪೆಟ್ಟಿಗೆಯೊಳಗೆ ಓಡಿ ಬಂದಿದ್ದರು. ಆ ತಿಂಗಳ ಕೊನೆಗೆ ಎಫ್‌ಎ ಕಪ್ ಫೈನಲ್‌ನಲ್ಲೂ ಆಡಿ ಗೆದ್ದರು. 2009–10ರ ಮೊದಲಾರ್ಧದಲ್ಲಿ ಆಡಿದ 14 ಲೀಗ್ ಪಂದ್ಯಗಳಲ್ಲಿ ಮೂರು ಗೋಲು ಹೊಡೆದರು. ಎರಡನೆಯ ಓಟ ಮರಳಿತ್ತು.

38 ದಿನ

2009ರ ಡಿಸೆಂಬರ್ 8, ಸೈಪ್ರಸ್‌ನ ಅಪೊಯೆಲ್ ವಿರುದ್ಧ ಚಾಂಪಿಯನ್ಸ್ ಲೀಗ್ ಪಂದ್ಯ. ಚೆಲ್ಸಿ ಗುಂಪಿನಲ್ಲಿ ಆಗಲೇ ಮೇಲೇರಿಯಾಗಿತ್ತು, ಪಂದ್ಯದಿಂದ ಏನೂ ಆಗಬೇಕಿರಲಿಲ್ಲ. ಎಸ್ಸಿಯೆನ್ ಒಂದು ಗೋಲು ಹೊಡೆದು, ಹ್ಯಾಮ್‌ಸ್ಟ್ರಿಂಗ್ ಎಳೆದುಕೊಂಡು ಹೊರನಡೆದರು.

ಹ್ಯಾಮ್‌ಸ್ಟ್ರಿಂಗ್ ಗಾಯವೆಂದರೆ ಮಿಡ್‌ಫೀಲ್ಡರ್‌ಗೆ ನೆಗಡಿ ಇದ್ದ ಹಾಗೆ. ಮೂರರಿಂದ ಆರು ವಾರ, ಮತ್ತೆ ಕೆಲಸಕ್ಕೆ. ಎಸಿಎಲ್ ಹೊಸದಾಗಿ ಕಟ್ಟಿಸಿಕೊಂಡವನ ಪಾಲಿಗೆ ಹಾಗಲ್ಲ. ಮೊಣಕಾಲ ಮೂಳೆ ಮುಂದಕ್ಕೆ ಜಾರುವುದನ್ನು ಎಸಿಎಲ್ ಒಳಗಿನಿಂದ ತಡೆದರೆ, ಹ್ಯಾಮ್‌ಸ್ಟ್ರಿಂಗ್ ಹಿಂದಿನಿಂದ ಎಳೆದು ತಡೆಯುತ್ತದೆ. ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತುಗಳು. ಒಂದು ಕುಂಟಿದರೆ ಭಾರ ಇನ್ನೊಂದರ ಮೇಲೆ ಬೀಳುತ್ತದೆ, ಅದರ ಪಕ್ಕದಲ್ಲೇ ಕೂತ ಮೆನಿಸ್ಕಸ್ ಮೇಲೂ ಬೀಳುತ್ತದೆ. ಹಾಗಾಗಿ ಇಂಥ ಆಟಗಾರನಿಗೆ ನೋವಿಲ್ಲದೆ ಓಡುವುದು ಸಾಲದು. ಪೂರ್ತಿ ವೇಗದಿಂದ ಬ್ರೇಕ್ ಹಾಕುವಾಗ ಆ ಸ್ನಾಯು ಉದ್ದವಾಗುತ್ತಲೇ ಬಿಗಿಹಿಡಿಯಬಲ್ಲದೇ ಎಂಬುದನ್ನು ನೋಡಿ ಬಿಡಬೇಕು.

ಅಷ್ಟು ಸಮಯ ಇರಲಿಲ್ಲ. ಆಫ್ರಿಕಾ ಕಪ್ ಜನವರಿ 10ರಂದು ಅಂಗೋಲಾದಲ್ಲಿ ಶುರುವಾಗುವುದಿತ್ತು. ಘಾನಾದ ಗುಂಪಿನ ಪಂದ್ಯಗಳು ಕಬಿಂಡಾದಲ್ಲಿ. ಜನವರಿ 8ರಂದು ಅಲ್ಲಿಗೆ ಬರುತ್ತಿದ್ದ ಟೋಗೊ ತಂಡದ ಬಸ್ಸಿನ ಮೇಲೆ ಬಂದೂಕುಧಾರಿಗಳ ದಾಳಿಯಾಗಿ ಆ ತಂಡ ಟೂರ್ನಿಯಿಂದ ಹೊರಬಂತು. ಘಾನಾದ ಮೊದಲ ಪಂದ್ಯ ನಡೆಯಲೇ ಇಲ್ಲ. ನಾಲ್ವರ ಗುಂಪು ಮೂವರದಾಗಿ, ಘಾನಾಕ್ಕೆ ಉಳಿದದ್ದು ಎರಡೇ ಪಂದ್ಯ. ಎರಡರಲ್ಲಿ ಒಂದು ಸೋತರೆ ಇನ್ನೊಂದು ಗೆಲ್ಲಲೇಬೇಕಾದ ಸ್ಥಿತಿ. ಕಾಯಿಸಿ, ಮೂರನೆಯ ಪಂದ್ಯಕ್ಕೆ ಇಳಿಸುವ ದಾರಿಯೂ ಮುಚ್ಚಿತು. ಜನವರಿ 15ರಂದು ಐವರಿ ಕೋಸ್ಟ್ ವಿರುದ್ಧ ವಿರಾಮದ ನಂತರ ಎಸ್ಸಿಯೆನ್ ಅವರನ್ನು ಇಳಿಸಲಾಯಿತು. ಘಾನಾ 3–1ರಿಂದ ಸೋತಿತು. ಅದರ ಬೆನ್ನಿಗೇ, ಅಭ್ಯಾಸದಲ್ಲಿ, ಮಂಡಿ ಹೋಯಿತು. ಈ ಬಾರಿ ಮೆನಿಸ್ಕಸ್.

ಅತ್ತ ಘಾನಾ 19ರಂದು ಬುರ್ಕಿನಾ ಫಾಸೊವನ್ನು 1–0ಯಿಂದ ಸೋಲಿಸಿ, ಹುಡುಗರ ತಂಡದೊಂದಿಗೇ ಫೈನಲ್ ತಲುಪಿತು. ಅಂದರೆ ಆ 45 ನಿಮಿಷಗಳಿಂದ ತಂಡಕ್ಕೂ ಲಾಭವಾಗಲಿಲ್ಲ.

ಮೆನಿಸ್ಕಸ್ ಎಂಬುದು ಎರಡು ಮೂಳೆಗಳ ನಡುವೆ ಅರ್ಧಚಂದ್ರಾಕಾರದಲ್ಲಿ ಕೂತ ಮೆತ್ತೆ; ಪ್ರತಿ ಮಂಡಿಗೆ ಎರಡು, ಒಳಬದಿಗೊಂದು ಹೊರಬದಿಗೊಂದು. ರಕ್ತ ತಲುಪುವುದು ಅದರ ಹೊರ ಅಂಚಿಗೆ ಮಾತ್ರ. ಅಲ್ಲಿ ಹರಿದರೆ ಹೊಲಿಗೆ ಹಾಕಬಹುದು, ಕೂಡಿಕೊಳ್ಳುತ್ತದೆ, ಆದರೆ ನಾಲ್ಕರಿಂದ ಆರು ತಿಂಗಳು ಬೇಕು. ಒಳ ಅಂಚಿನಲ್ಲಿ ಹರಿದರೆ ಕೂಡುವುದಿಲ್ಲ. ಹರಿದ ಚೂರನ್ನು ಕತ್ತರಿಸಿ ತೆಗೆಯುತ್ತಾರೆ. ಕತ್ತರಿಸಿದವನು ನಾಲ್ಕರಿಂದ ಆರು ವಾರದಲ್ಲಿ ಆಡಬಲ್ಲ. ಕ್ಲಬ್ಬಿಗೆ, ಕೋಚಿಗೆ, ಆಟಗಾರನಿಗೆ ಆ ಹೊತ್ತಿಗೆ ಕತ್ತರಿಯೇ ಇಷ್ಟವಾಗುತ್ತದೆ. ಬೆಲೆ ಆಮೇಲೆ ತೆರಬೇಕು: ಮೆತ್ತೆ ಕಿರಿದಾದಷ್ಟೂ ಅದೇ ಭಾರ ಚಿಕ್ಕ ಜಾಗದ ಮೇಲೆ ಬಿದ್ದು ಮೂಳೆಯ ತುದಿಯ ನುಣುಪು ಹೊದಿಕೆ ಸವೆಯುತ್ತದೆ, ಆಡಿದ ಮರುದಿನ ಮಂಡಿ ನೀರು ತುಂಬಿ ಊದುತ್ತದೆ. ಊದಿದ ಮಂಡಿಗೆ ತೊಡೆಯ ಸ್ನಾಯು ಮತ್ತೆ ಸೊರಗುತ್ತದೆ. ವರ್ತುಲ ಪೂರ್ತಿಯಾಯಿತು.

ಎಸ್ಸಿಯೆನ್ ವಾರಗಳಲ್ಲಿ ಮರಳುತ್ತಾರೆ ಎಂದೇ ಮೊದಲು ಎಲ್ಲರೂ ಲೆಕ್ಕ ಹಾಕಿದ್ದು. ಆ ಋತುವಿನಲ್ಲಿ ಮತ್ತೆ ಆಡಲೇ ಇಲ್ಲ. ಚೆಲ್ಸಿ ಅವರಿಲ್ಲದೆಯೇ ಲೀಗ್ ಮತ್ತು ಎಫ್‌ಎ ಕಪ್ ಎರಡನ್ನೂ ಗೆದ್ದಿತು. ಮೇ ತಿಂಗಳ ಕೊನೆಗೆ ವಿಶ್ವಕಪ್‌ನಿಂದಲೂ ಹೊರಬಿದ್ದರು. 2006ರಲ್ಲಿ ಜರ್ಮನಿಯಲ್ಲಿ ಚೆಕ್, ಅಮೆರಿಕ ತಂಡಗಳನ್ನು ಸೋಲಿಸಿ ಮುಂದೆ ಹೋದ ಘಾನಾ ತಂಡದ ಬೆನ್ನೆಲುಬು ಅವರು. ಆಗಲೂ ಬ್ರೆಜಿಲ್ ಎದುರಿನ ಪಂದ್ಯವನ್ನು ಹಳದಿ ಕಾರ್ಡುಗಳ ಕಾರಣಕ್ಕೆ ಕೂತು ನೋಡಿದ್ದರು. 2010ರ ಜುಲೈ 2ರಂದು ಜೊಹಾನೆಸ್‌ಬರ್ಗ್‌ನಲ್ಲಿ ಉರುಗ್ವೆ ವಿರುದ್ಧ ಕ್ವಾರ್ಟರ್ ಫೈನಲ್ 120 ನಿಮಿಷ ನಡೆದು, ಎದುರಾಳಿ ಸುವಾರೆಜ್ ಕೈಯಲ್ಲಿ ಚೆಂಡು ತಡೆದು, ಘಾನಾದ ಗ್ಯಾನ್ ಹೊಡೆದ ಪೆನಾಲ್ಟಿ ಅಡ್ಡಪಟ್ಟಿಗೆ ಬಡಿದು ಘಾನಾ ಹೊರಬಿದ್ದಾಗ ಅವರಿಗೆ 27 ವರ್ಷ. ಮಿಡ್‌ಫೀಲ್ಡರ್‌ಗೆ ಅದು ನಡುಹಗಲಿನ ವಯಸ್ಸು.

33 ಎಂಬ ಅಂಕಿ

2010–11ರಲ್ಲಿ ಎಸ್ಸಿಯೆನ್ 33 ಲೀಗ್ ಪಂದ್ಯ ಆಡಿದರು. ಹಾಜರಿ ಪುಸ್ತಕ ನೋಡಿದವರಿಗೆ 2006–07 ಮರಳಿ ಬಂದಂತೆ ಕಾಣಬೇಕು. ಆ ವರ್ಷದ ಆಟ ನೋಡಿದವರಿಗೆ ಹಾಗನಿಸಿರಲಾರದು. ಮುಂದಕ್ಕೆ ಹೋಗುವ ಮೊದಲ ಓಟ ಇತ್ತು. ಹಿಂದಕ್ಕೆ ಬರುವ ಎರಡನೆಯ ಓಟ ಅರ್ಧ ಹೆಜ್ಜೆ ತಡ. ಅರ್ಧ ಹೆಜ್ಜೆ ತಡವಾದ ಟ್ಯಾಕಲ್‌ಗೆ ಫೌಲ್ ಎಂದು ಹೆಸರು.

ನವೆಂಬರ್ 10ರ ಫುಲ್‌ಹ್ಯಾಮ್ ಪಂದ್ಯ ಈ ಋತುವಿನ ಸಾರಾಂಶದಂತಿದೆ. ಮೊದಲಾರ್ಧದಲ್ಲಿ ತಲೆ ಕೊಟ್ಟು ಪಂದ್ಯದ ಏಕೈಕ ಗೋಲು ಹೊಡೆದವರು ಎಸ್ಸಿಯೆನ್. ಕೊನೆಯ ನಿಮಿಷಗಳಲ್ಲಿ ಡೆಂಪ್ಸಿ ಮೇಲೆ ಎರಡೂ ಕಾಲು ಹಾಕಿ ಕೆಂಪು ಕಾರ್ಡ್ ಪಡೆದವರೂ ಅವರೇ. ಇವರು ಮೊದಲಿನಿಂದಲೂ ಒರಟಾಗಿ ಆಡುತ್ತಿದ್ದರು ಎಂದು ವಾದಿಸಬಹುದು, ಸುಳ್ಳೂ ಅಲ್ಲ. 2005ರ ಡಿಸೆಂಬರ್‌ನಲ್ಲಿ ಲಿವರ್‌ಪೂಲ್‌ನ ಹಾಮನ್ ಮಂಡಿಯ ಮೇಲೆ ಹಾಕಿದ ಕಾಲಿಗೆ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯೂಫಾ ಎರಡು ಪಂದ್ಯ ನಿಷೇಧಿಸಿ, ಬಾರ್ಸಿಲೋನಾ ವಿರುದ್ಧದ ಎರಡೂ ಪಂದ್ಯ ತಪ್ಪಿದ್ದವು. ಆದರೆ ಆಗಿನದು ಬೇಗ ತಲುಪಿದವನ ಒರಟುತನ, ಈಗಿನದು ತಡವಾಗಿ ತಲುಪಿದವನದು.

ಆ ವರ್ಷ ಚೆಲ್ಸಿ ಎರಡನೆಯ ಸ್ಥಾನಕ್ಕಿಳಿಯಿತು. 2011ರ ಜುಲೈ ಮೊದಲ ವಾರ, ಹೊಸ ಕೋಚ್ ವಿಲ್ಲಾಸ್-ಬೋವಾಸ್ ಅವರ ಋತುಪೂರ್ವ ಅಭ್ಯಾಸ ಶುರುವಾದ ಕೂಡಲೇ, ಎಸ್ಸಿಯೆನ್ ಅವರ ಎಸಿಎಲ್ ಮತ್ತು ಮೆನಿಸ್ಕಸ್ ಎರಡೂ ಹರಿದವು. ಬೇಸಿಗೆ ರಜೆ ಮುಗಿದ ಮೊದಲ ವಾರ ಇಂಥ ಗಾಯಗಳಿಗೆ ಪ್ರಶಸ್ತ ಕಾಲ. ರಜೆಯಲ್ಲಿ ಓಟ ಇಟ್ಟುಕೊಂಡವರೂ ಬ್ರೇಕ್ ಹಾಕುವ ಅಭ್ಯಾಸ ಬಿಟ್ಟಿರುತ್ತಾರೆ. ಎರಡೂ ಒಟ್ಟಿಗೆ ಹರಿದಾಗ ಪಂಚಾಂಗವೂ ಹೊಂದುವುದಿಲ್ಲ. ಲಿಗಮೆಂಟ್‌ಗೆ ಬೇಗ ಭಾರ ಹಾಕಿ ನಡೆಸಬೇಕು, ಹೊಲಿದ ಮೆನಿಸ್ಕಸ್‌ಗೆ ವಾರಗಟ್ಟಲೆ ಭಾರ ಕಡಿಮೆ ಮಾಡಿ, ಮಂಡಿಯನ್ನು ತೊಂಬತ್ತು ಡಿಗ್ರಿಗಿಂತ ಹೆಚ್ಚು ಮಡಚದಂತೆ ನೋಡಿಕೊಳ್ಳಬೇಕು. ಒಂದಕ್ಕೆ ಒಳ್ಳೆಯದು ಇನ್ನೊಂದಕ್ಕೆ ಕೆಟ್ಟದ್ದು.

2012ರ ಜನವರಿಯಲ್ಲಿ, ಮತ್ತೆ ಆರೇ ತಿಂಗಳಿಗೆ, ಮೈದಾನಕ್ಕೆ ಬಂದರು. ಮೇ ತಿಂಗಳಲ್ಲಿ ಮ್ಯೂನಿಕ್‌ನಲ್ಲಿ ಚೆಲ್ಸಿ ಚಾಂಪಿಯನ್ಸ್ ಲೀಗ್ ಗೆದ್ದ ರಾತ್ರಿ ಬೆಂಚಿನ ಮೇಲಿದ್ದರು. 120 ನಿಮಿಷದಲ್ಲೂ ಕರೆ ಬರಲಿಲ್ಲ. ಬರೋಬ್ಬರಿ ಏಳು ವರ್ಷ ಆ ಕಪ್ಪಿಗಾಗಿಯೇ ಓಡಿದ್ದ ಆಟಗಾರ.

ಯಾರ ಜೇಬಿನಿಂದ?

ಈ ಪ್ರಕರಣಕ್ಕೆ ಹಣದ ಮುಖವೂ ಇದೆ. 2008ರ ಮತ್ತು 2010ರ ಗಾಯಗಳೆರಡೂ ಆದದ್ದು ದೇಶದ ತಂಡದೊಂದಿಗಿದ್ದಾಗ. ನಿಗದಿತ ದಿನಗಳಲ್ಲಿ ಆಟಗಾರನನ್ನು ದೇಶಕ್ಕೆ ಬಿಟ್ಟುಕೊಡುವುದು ಕ್ಲಬ್‌ಗೆ ಕಡ್ಡಾಯ. ಗಾಯವಾಗಿ ಮರಳಿದರೆ ಸಂಬಳ ಕೊಡುವುದೂ ಕ್ಲಬ್ಬೇ. ಘಾನಾದಂಥ ಸಂಘಕ್ಕೆ ಪ್ರೀಮಿಯರ್ ಲೀಗ್ ಸಂಬಳಕ್ಕೆ ವಿಮೆ ಮಾಡಿಸುವ ತಾಕತ್ತು ಎಲ್ಲಿಂದ ಬರಬೇಕು? ಫಿಫಾ ತನ್ನ ವಿಮಾ ಯೋಜನೆಯನ್ನು ಎಲ್ಲ ಅಂತರರಾಷ್ಟ್ರೀಯ ಪಂದ್ಯಗಳಿಗೆ ಅನ್ವಯಿಸಿದ್ದು 2012ರ ಸೆಪ್ಟೆಂಬರ್ 1ರಿಂದ. ಅದರಂತೆ ಮೊದಲ 28 ದಿನ ಬಿಟ್ಟು, ಗರಿಷ್ಠ ಒಂದು ವರ್ಷದವರೆಗೆ, ಒಂದು ಗಾಯಕ್ಕೆ 75 ಲಕ್ಷ ಯೂರೊವರೆಗೆ ಕ್ಲಬ್‌ಗೆ ಸಂಬಳ ಮರುಪಾವತಿಯಾಗುತ್ತದೆ. ಎಸ್ಸಿಯೆನ್ ಅವರನ್ನು ಚೆಲ್ಸಿ ರಿಯಲ್ ಮ್ಯಾಡ್ರಿಡ್‌ಗೆ ಒಂದು ವರ್ಷದ ಎರವಲು ಕಳಿಸಿದ್ದು ಅದಕ್ಕೆ ಒಂದೇ ದಿನ ಮುಂಚೆ, ಆಗಸ್ಟ್ 31ರಂದು.

ಈ ವಿಮೆ ಹಣ ತುಂಬಿಕೊಡುತ್ತದೆ, ಅಷ್ಟೆ. 38 ದಿನದ ನಂತರ ಆಡಿಸಬೇಕೋ ಬೇಡವೋ ಎಂಬ ನಿರ್ಧಾರ ಇಂದಿಗೂ ದೇಶದ ತಂಡದ ಕೋಚ್, ಕ್ಲಬ್ ವೈದ್ಯ ಮತ್ತು ಆಟಗಾರ ಮೂವರ ಎಳೆದಾಟವೇ. ಮೂವರಲ್ಲಿ ಆಟಗಾರನೇ ಹೆಚ್ಚು ಆತುರದಲ್ಲಿರುತ್ತಾನೆ ಎಂಬುದನ್ನು ಮರೆಯಬಾರದು.

ಗೆರೆಯ ಪಕ್ಕದ ಜಾಗ

ಮ್ಯಾಡ್ರಿಡ್‌ನಲ್ಲಿ ಕಾದಿದ್ದವರು ಮೌರಿನ್ಯೊ, ಎಸ್ಸಿಯೆನ್ ಬಾಯಲ್ಲಿ 'ಡ್ಯಾಡಿ'. 21 ಲೀಗ್ ಪಂದ್ಯ, ಎರಡು ಗೋಲು. ಆಡಿದ್ದರಲ್ಲಿ ಬಹಳಷ್ಟು ಬದಿಯ ರಕ್ಷಣೆಯಲ್ಲಿ. 2013ರ ಏಪ್ರಿಲ್ 30ರಂದು ಡಾರ್ಟ್‌ಮಂಡ್ ವಿರುದ್ಧದ ಸೆಮಿಫೈನಲ್ ಎರಡನೆಯ ಪಂದ್ಯದಲ್ಲಿ ಅವರು ರೈಟ್ ಬ್ಯಾಕ್. ಮ್ಯಾಡ್ರಿಡ್ 2–0ಯಿಂದ ಗೆದ್ದೂ ಒಟ್ಟು ಲೆಕ್ಕದಲ್ಲಿ 3–4ರಿಂದ ಹೊರಬಿತ್ತು.

ಆ ಜಾಗದ ಆಯ್ಕೆಯಲ್ಲಿ ಮಂಡಿಯ ಜಾತಕವೇ ಇದೆ. ಮೈದಾನದ ನಡುವೆ ನಿಂತವನಿಗೆ ಅಪಾಯ ಸುತ್ತಲೂ 360 ಡಿಗ್ರಿಯಿಂದ ಬರುತ್ತದೆ, ಯಾವ ಕಾಲಿನ ಮೇಲೆ ಯಾವಾಗ ತಿರುಗಬೇಕೆಂದು ಮುಂಚೆ ತಿಳಿಯುವುದಿಲ್ಲ. ಬದಿಯವನಿಗೆ ಒಂದು ಪಕ್ಕ ಸುಣ್ಣದ ಗೆರೆ ಕಾವಲಿರುತ್ತದೆ. ಓಟ ಹೆಚ್ಚು ನೇರ, ತಿರುವು ಕಡಿಮೆ, ಎದುರಾಳಿ ಯಾವ ಕಡೆಯಿಂದ ಬರುತ್ತಾನೆಂಬುದು ಹೆಚ್ಚುಕಡಿಮೆ ಗೊತ್ತು. ಮಾಸ್ಕೋದಲ್ಲಿ ತಂಡದ ತೂತು ತುಂಬಲು ಆಡಿದ ಜಾಗ ಐದು ವರ್ಷದ ನಂತರ ಅವರಿಗೇ ಆಸರೆಯಾಗಿತ್ತು.

ಉಳಿದದ್ದನ್ನು ಬೇಗ ಹೇಳಬಹುದು. ಚೆಲ್ಸಿಗೆ ಮರಳಿ ಐದು ಲೀಗ್ ಪಂದ್ಯ. ಎಲ್ಲ ಟೂರ್ನಿ ಸೇರಿ ಆ ಕ್ಲಬ್‌ಗೆ ಒಟ್ಟು 256 ಪಂದ್ಯ, 25 ಗೋಲು. 2014ರ ಜನವರಿಯಲ್ಲಿ ಎಸಿ ಮಿಲಾನ್, ಅದೇ ವರ್ಷ ಬ್ರೆಜಿಲ್‌ನಲ್ಲಿ ನಡೆದ ವಿಶ್ವಕಪ್‌ಗೆ ಘಾನಾ ತಂಡದಲ್ಲಿ ಜಾಗ, ಆಮೇಲೆ ಗ್ರೀಸ್‌ನ ಪನಾಥಿನೈಕೋಸ್. 2017ರಲ್ಲಿ ಇಂಡೊನೇಷ್ಯಾದ ಪರ್ಸಿಬ್ ಬಂಡುಂಗ್, 2019ರಲ್ಲಿ ಅಜರ್‌ಬೈಜಾನ್‌ನ ಸಬೈಲ್.

2020ರಲ್ಲಿ ಡೆನ್ಮಾರ್ಕ್‌ನ ನಾರ್ಡ್‌ಶೆಲ್ಲಂಡ್ ಕ್ಲಬ್ ಅವರನ್ನು ತರಬೇತಿ ಬಳಗಕ್ಕೆ ಸೇರಿಸಿಕೊಂಡಿತು. ಘಾನಾದ 'ರೈಟ್ ಟು ಡ್ರೀಮ್' ಅಕಾಡೆಮಿಯ ಒಡೆತನದ ಕ್ಲಬ್ ಅದು. ಹದಿನೆಂಟು ತುಂಬಿದ ಹುಡುಗರು ಅಕಾಡೆಮಿಯಿಂದ ನೇರ ಅಲ್ಲಿಗೆ ಬರುತ್ತಾರೆ, 2000ದಲ್ಲಿ ಬಾಸ್ತಿಯಾ ಮಾಡಿದ ಕೆಲಸವನ್ನು ಈಗ ಅದು ವ್ಯವಸ್ಥೆಯಾಗಿಯೇ ಮಾಡುತ್ತದೆ. ಆ ದಾರಿಯಲ್ಲಿ ಬಂದ ಮಿಡ್‌ಫೀಲ್ಡರ್ ಮೊಹಮ್ಮದ್ ಕುಡುಸ್ ಅದೇ ಬೇಸಿಗೆಯಲ್ಲಿ ಅಯಾಕ್ಸ್‌ಗೆ ಹೋಗಿದ್ದರು. ಅಕ್ಟೋಬರ್ 21ರಂದು ಲಿವರ್‌ಪೂಲ್ ವಿರುದ್ಧದ ಚಾಂಪಿಯನ್ಸ್ ಲೀಗ್ ಪಂದ್ಯದ ಹತ್ತು ನಿಮಿಷವೂ ತುಂಬುವ ಮೊದಲೇ ಅವರು ಹೊರನಡೆದರು. ಮೆನಿಸ್ಕಸ್. ಶಸ್ತ್ರಚಿಕಿತ್ಸೆಯಾಗಿ ತಿಂಗಳುಗಟ್ಟಲೆ ಹೊರಗುಳಿದ ಕುಡುಸ್ ಅವರಿಗೆ ಆಗ ಇಪ್ಪತ್ತು ವರ್ಷ.